ಹಠಾತ್ ತಲೆನೋವು: ಸ್ಕ್ಯಾನ್ ಯಾರಿಗೆ ಬೇಕು, ಯಾರಿಗೆ ಬೇಡ?

ಅಕ್ಕಿ ಮೂಟೆ ಎತ್ತುವಾಗ ತಲೆಗೆ ಸಿಡಿಲು ಹೊಡೆದ ಹಾಗಾಯ್ತು ಅಂತ ಒಬ್ಬರು ಎಮರ್ಜೆನ್ಸಿಗೆ ಬಂದಿದ್ದಾರೆ ಅಂದುಕೊಳ್ಳಿ. ಮಾತಾಡುತ್ತಿದ್ದಾರೆ, ಕೈಕಾಲು ಆಡುತ್ತಿವೆ. ಮಾತ್ರೆ ಕೊಟ್ಟು ಕಳಿಸೋದಾ, ಸ್ಕ್ಯಾನ್ ಮಾಡಿಸೋದಾ?

ಡಾಕ್ಟರಿಗೆ ಇಲ್ಲಿ ಕಾಡುವ ಹೆಸರು ಸಬ್‌ಅರಾಕ್ನಾಯ್ಡ್ ಹ್ಯಾಮರೇಜ್. ಹೆಚ್ಚಿನ ಸಲ ರಕ್ತನಾಳದಲ್ಲಿ ಬಲೂನಿನಂತೆ ಉಬ್ಬಿದ ಜಾಗ ಒಡೆದು ಮೆದುಳಿನ ಸುತ್ತ ರಕ್ತ ಸೋರುತ್ತದೆ. ಮತ್ತೊಮ್ಮೆ ಒಡೆದರೆ ಜೀವಕ್ಕೇ ಕುತ್ತು.

ಇದಕ್ಕೆ ಕೆನಡಾದ ಒಟ್ಟಾವದ ಜೆಫ್ರಿ ಪೆರ್ರಿ ಮತ್ತು ತಂಡ 2013ರಲ್ಲಿ ಒಂದು ನಿಯಮ ಪ್ರಕಟಿಸಿತು. ವಯಸ್ಸು 40 ತುಂಬಿದೆಯಾ, ಕುತ್ತಿಗೆ ನೋವು ಅಥವಾ ಬಿಗಿತ ಇದೆಯಾ, ಪ್ರಜ್ಞೆ ತಪ್ಪಿದ್ದನ್ನು ಯಾರಾದರೂ ನೋಡಿದ್ದಾರಾ, ಮೈಗೆ ಶ್ರಮವಾಗುವ ಕೆಲಸ ಮಾಡುವಾಗ ಶುರುವಾಯ್ತಾ, ನೋವು ಬಂದ ಕ್ಷಣದಲ್ಲೇ ತುದಿ ಮುಟ್ಟಿತಾ, ಕುತ್ತಿಗೆ ಬಗ್ಗಿಸಲು ಕಷ್ಟವಾ. ಇಷ್ಟೇ. ಒಂದಕ್ಕೆ ಹೌದು ಅಂದರೂ ಮುಂದಿನ ಪರೀಕ್ಷೆ ಆಗಲೇಬೇಕು.

(ಪರದೆಯಲ್ಲಿ: ರೋಗಿ ಗದ್ದವನ್ನು ಎದೆಗೆ ತಾಗಿಸಲು ನೋಡುತ್ತಾರೆ, ಅರ್ಧದಲ್ಲೇ ನಿಲ್ಲುತ್ತಾರೆ.)

ಈಗ ತಮಾಷೆ ನೋಡಿ. ಆ ಅಧ್ಯಯನದ 2,131 ಜನರಲ್ಲಿ ರಕ್ತಸ್ರಾವ ಇದ್ದದ್ದು 132 ಮಂದಿಗೆ, ನಿಯಮ ಒಬ್ಬರನ್ನೂ ಬಿಡಲಿಲ್ಲ. ಆದರೆ ರಕ್ತಸ್ರಾವ ಇಲ್ಲದವರಲ್ಲಿ ನೂರಕ್ಕೆ ಸುಮಾರು 15 ಜನರಿಗೆ ಮಾತ್ರ 'ನೀವು ಹೊರಡಿ' ಅಂದಿತು. ಉಳಿದವರೆಲ್ಲ ಬಲೆಗೆ ಬಿದ್ದರು, 40 ತುಂಬಿದ್ದಕ್ಕೇ ಎಷ್ಟೋ ಜನ. ಅಂದರೆ ಹೌದು ಅಂತ ಬಂದರೆ ರಕ್ತ ಸೋರಿದೆ ಅಂತಲ್ಲ, ಸುಮ್ನೆ ಹೆದರಬೇಡಿ. ಆರಕ್ಕೂ ಇಲ್ಲ ಅಂತ ಬಂದಾಗಲೇ ಇದರ ಬೆಲೆ. ಜರಡಿ ಸ್ವಲ್ಪ ಜಾಸ್ತಿಯೇ ಸಣ್ಣದು, ನನಗದು ಸರಿ ಅನ್ನಿಸುತ್ತದೆ.

ಎಲ್ಲಾ ತಲೆನೋವಿಗೂ ಇದನ್ನು ಹಚ್ಚಬೇಡಿ. ಒಂದು ಗಂಟೆಯೊಳಗೆ ಜೋರಾದ ಹೊಸ ನೋವಿಗೆ ಮಾತ್ರ. ಬಿದ್ದು ಪೆಟ್ಟಾಗಿದ್ದರೆ, ಕೈಕಾಲು ಸೋತಿದ್ದರೆ, ಹಳೇ ಮೈಗ್ರೇನ್ ಪದೇ ಪದೇ ಬರುತ್ತಿದ್ದರೆ ಲೆಕ್ಕವೇ ಬೇರೆ. ಮನೆಯಲ್ಲಿ ಕೂತು ಅಂಕ ಹಾಕಿಕೊಳ್ಳುವ ಪಟ್ಟಿಯೂ ಇದಲ್ಲ.

ಇನ್ನೊಂದು ವಿಷಯ, ಗಡಿಯಾರ. ಹೊಸ ರಕ್ತ ಸಿಟಿ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುತ್ತದೆ, ಹೊತ್ತು ಹೋದಂತೆ ಮಾಸುತ್ತದೆ. ಇದೇ ತಂಡದ 2011ರ ಅಧ್ಯಯನದಲ್ಲಿ 6 ಗಂಟೆಯೊಳಗೆ ಸ್ಕ್ಯಾನ್ ಆದ 953 ಜನರಲ್ಲಿ ರಕ್ತಸ್ರಾವವಿದ್ದ 121 ಮಂದಿಯೂ ಸಿಕ್ಕಿದರು. ಮಷಿನ್ ಚೆನ್ನಾಗಿತ್ತು, ಓದಿದವರು ಪಳಗಿದ ರೇಡಿಯಾಲಜಿಸ್ಟ್‌ಗಳು ಅನ್ನೋದನ್ನೂ ಮರೆಯಬಾರದು. ತಡವಾಗಿ ಬಂದವರಿಗೆ ಸ್ಕ್ಯಾನ್ ಸರಿಯಿದ್ದರೂ ಬೆನ್ನಿನಿಂದ ನೀರು ತೆಗೆದು ನೋಡಬೇಕಾಗಬಹುದು.

ಅದಕ್ಕೇ ಎಮರ್ಜೆನ್ಸಿಯಲ್ಲಿ 'ಬೆಳಗ್ಗೆಯಿಂದ ತಲೆನೋವು ಸರ್' ಅನ್ನಬೇಡಿ. 'ಏಳೂಕಾಲಿಗೆ, ಮೂಟೆ ಎತ್ತುವಾಗ, ಒಂದೇ ಸಲಕ್ಕೆ' ಅನ್ನಿ.