ಆ ರಾತ್ರಿ ಸಾಲು ಎತ್ತಿಕೊಂಡವರು

ನಮಸ್ಕಾರ. ಹೊರಗೆ ಮಳೆ ಹೊಯ್ಯುತ್ತಿದೆ, ಶೀಟಿನ ಸದ್ದು ಮೈಕಿಗೂ ಬರುತ್ತಿರಬಹುದು, ಸ್ವಲ್ಪ ಹೊಂದಿಸಿಕೊಳ್ಳಿ. ಆಗಸ್ಟ್‌ನಲ್ಲಿ ಮಡಿಕೇರಿಯಲ್ಲಿ ರೆಕಾರ್ಡ್ ಮಾಡಲು ಕೂತರೆ ಇದೇ ಪಾಡು.

ಇವತ್ತು ದೇವರ ಹಾಡಿನ ಬಗ್ಗೆ ಮಾತಾಡೋಣ. ಕಷ್ಟದಲ್ಲಿ ಹಾಡಿದರೆ ಏನಾದರೂ ಆಗುತ್ತಾ? ಆಗುತ್ತೆ ಅನ್ನುವ ಕಡೆಯವನು ನಾನು. ಆದರೆ ನನ್ನ ಕಾರಣ ಬೇರೆ.

2018ರ ಆಗಸ್ಟ್ ನೆನಪಿದೆ ಅಲ್ವಾ? ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಇಳಿದು ಬಂದವು. ಆಗ ನಾನು ಒಂದು ಪರಿಹಾರ ಕೇಂದ್ರಕ್ಕೆ ಊಟ ಬಡಿಸಲು ಹೋಗುತ್ತಿದ್ದೆ. ಒಂದು ಸಂಜೆ ಯಾರೋ ಮೊಬೈಲಿಗೆ ಸ್ಪೀಕರ್ ಸಿಕ್ಕಿಸಿ ಭಕ್ತಿಗೀತೆ ಹಾಕಿದರು. ಒಳ್ಳೆ ಮನಸ್ಸಿನಿಂದಲೇ ಹಾಕಿದ್ದು. ಐದು ನಿಮಿಷಕ್ಕೆ ಒಬ್ಬರು ಎದ್ದು ನಿಂತು, "ನಿಲ್ಲಿಸಿ ಅದನ್ನ, ಕೊಟ್ಟಿಗೆ ಸಮೇತ ನನ್ನ ದನ ಹೋಗಿದೆ, ನಿಮಗೆ ಹಾಡು ಬೇಕಾ?" ಅಂತ ರೇಗಿದರು. ಸ್ಪೀಕರ್ ಆಫ್ ಆಯಿತು. ಅವರು ರೇಗಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ರಾತ್ರಿ ಕರೆಂಟ್ ಹೋಯಿತು. ಮೂಲೆಯಲ್ಲಿದ್ದ ಒಬ್ಬ ತಾಯಿ ಮಗು ಮಲಗಿಸೋಕೆ ಅಂತ ಒಂದು ದೇವರನಾಮ ಶುರು ಮಾಡಿದರು. ಶ್ರುತಿ ಇಲ್ಲ, ಏನಿಲ್ಲ. ಎರಡನೇ ಸಾಲಿಗೆ ಬರುವಾಗ ಗಂಟಲು ಕಟ್ಟಿತು. ಅಲ್ಲಿಗೆ ಮುಗೀತು ಅಂದುಕೊಂಡೆ, ಅಷ್ಟರಲ್ಲಿ ಕತ್ತಲಲ್ಲಿ ಮೂರು ಚಾಪೆ ಆಚೆಯಿಂದ ಇನ್ಯಾರೋ ಅದೇ ಸಾಲು ಎತ್ತಿಕೊಂಡರು, ಅವರ ಹಿಂದೆ ಮತ್ತೊಬ್ಬರು, ಆಮೇಲೆ ಯಾರೋ ಖಾಲಿ ನೀರಿನ ಕ್ಯಾನ್ ಮಗುಚಿ ತಾಳ ಬಡಿಯತೊಡಗಿದರು. ಶೀಟಿನ ಮೇಲೆ ಮಳೆ ಜೋರಾದಷ್ಟೂ ಇವರೂ ಜೋರು. ಸಂಜೆ ರೇಗಿದವರು ಹಾಡಲಿಲ್ಲ. ನಿಲ್ಲಿಸಿ ಅಂತಲೂ ಹೇಳಲಿಲ್ಲ. ಕಂಬಳಿ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದರು.

ನಮ್ಮ ಕೊಡಗಿನಲ್ಲಿ ದುಡಿ ಕೊಟ್ಟ್ ಪಾಟ್, ಅಂದರೆ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಡಿಯುತ್ತಾ ಹಾಡುವ ಕೊಡವರ ಹಾಡು, ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾಲ್ಕು ಜನ ದುಡಿ ಹಿಡಿದು ನಿಲ್ಲುತ್ತಾರೆ. ಇಬ್ಬರು ಒಂದು ಸಾಲು ಹಾಡುತ್ತಾರೆ, ಇನ್ನಿಬ್ಬರು ಅದನ್ನೇ ಮತ್ತೆ ಹಾಡುತ್ತಾರೆ. ಚಿಕ್ಕವನಿದ್ದಾಗ ನನಗೆ ತಲೆ ಕೆಡುತ್ತಿತ್ತು, ಹೇಳಿದ್ದನ್ನೇ ಎಷ್ಟು ಸಲ ಹೇಳ್ತಾರಪ್ಪಾ ಅಂತ. ಈಗ ನೋಡಿದರೆ, ಎರಡನೇ ಜೋಡಿ ಹಾಡುವಷ್ಟು ಹೊತ್ತು ಮೊದಲ ಜೋಡಿಗೆ ಉಸಿರು ಎಳೆದುಕೊಳ್ಳಲು ಬಿಡುವು. ಭಜನೆಯಲ್ಲೂ ಹಾಗೇ, ಒಬ್ಬರು ಹೇಳುತ್ತಾರೆ, ಉಳಿದವರು ಹಿಂದೆ ಬರುತ್ತಾರೆ. ದುಃಖದಲ್ಲಿ ಮೊದಲು ಕಟ್ಟುವುದೇ ಉಸಿರು, ಅಲ್ವಾ? ನಡಿಕೇರಿಯಂಡ ಚಿಣ್ಣಪ್ಪ ಕೊಡವರ ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಅನ್ನುವ ಪುಸ್ತಕ ತಂದರಲ್ಲ, ಅದರಲ್ಲಿ ದೇವರ ಹಾಡಿದೆ, ಮದುವೆ ಹಾಡಿದೆ, ಸಾವಿನ ಹಾಡೂ ಇದೆ. ಸಾವಿನ ಮನೆಗೂ ಹಾಡು ಬೇಕು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು.

ಹಾಡಿದರೆ ದೇವರು ಕಾಪಾಡುತ್ತಾನೆ ಅಂತ ಮಾತ್ರ ನನ್ನ ಹತ್ತಿರ ಹೇಳಬೇಡಿ. 2020ರಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿ ಕುಸಿದಾಗ ಹೋಗಿದ್ದು ಅರ್ಚಕರ ಮನೆಯೇ. ಕಾವೇರಮ್ಮನ ಪೂಜೆ ಮಾಡುತ್ತಿದ್ದ ಮನೆ ಅದು. ಹಾಡಿಗೆ ಗುಡ್ಡ ನಿಲ್ಲುವುದಿಲ್ಲ, ಪರಿಹಾರದ ಚೆಕ್ಕೂ ಬೇಗ ಬರುವುದಿಲ್ಲ. ಅಕ್ಕಿ, ಕಂಬಳಿ ಕೊಡುವ ಬದಲು ಸುಮ್ನೆ ಭಜನೆ ಇಡಿಸಿ ಹೋಗುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ.

ಇಷ್ಟೆಲ್ಲ ಆದಮೇಲೂ ಆ ರಾತ್ರಿ ಕೇಳಿದ್ದನ್ನು ಸುಳ್ಳು ಅನ್ನಲು ನನ್ನಿಂದಾಗುವುದಿಲ್ಲ. ಸಂಜೆ ಸ್ಪೀಕರ್ ಹಾಡುತ್ತಿತ್ತು, ಜನ ಕೇಳುತ್ತಾ ಕೂತಿದ್ದರು. ರಾತ್ರಿ ಒಬ್ಬರಿಗೆ ಆಗದೆ ಹೋದ ಸಾಲನ್ನು ಪರಿಚಯವೇ ಇಲ್ಲದ ಇನ್ನೊಬ್ಬರು ಮುಗಿಸಿದರು. ಸ್ಪೀಕರಿಗೆ ಗಂಟಲು ಕಟ್ಟುವುದಿಲ್ಲವಲ್ಲ, ಅದರ ಸಾಲನ್ನು ಯಾರು ಯಾಕೆ ಎತ್ತಿಕೊಳ್ಳುತ್ತಾರೆ?

ಹ್ಞಾ, ಮಗು ಮಲಗಿತಾ ಅಂತ ಕೇಳಬೇಡಿ. ಪಕ್ಕದಲ್ಲೇ ಕ್ಯಾನ್ ಬಡಿಯುತ್ತಿದ್ದರೆ ಯಾವ ಮಗು ಮಲಗುತ್ತೆ? ಹನ್ನೊಂದು ಗಂಟೆಯಾದರೂ ಕಣ್ಣು ಬಿಟ್ಟುಕೊಂಡೇ ಇತ್ತು.