ಫಿರ್ಯಾದಿಯ ಹೆಸರು, ಮೃತರ ಹೆಸರು

(ಪತ್ರಿಕಾ ದಿನಾಚರಣೆಯಂದು ಕಲಬುರಗಿಯಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ಶರಣು. ಜುಲೈ 1 ಬಂತೆಂದರೆ 1843ರಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ, ಅದರ ಸಂಪಾದಕ ಹರ್ಮನ್ ಮೋಗ್ಲಿಂಗ್, ಅದು ಅಚ್ಚಾದ ಕಲ್ಲಚ್ಚು. ಇವೆಲ್ಲ ನಿಮಗೆ ಪಾಠದಲ್ಲೇ ಆಗಿವೆ, ಮತ್ತೆ ಒಪ್ಪಿಸುವುದಿಲ್ಲ. ನಾಳೆ ನೀವು ಟ್ರೈನಿ ಆಗಿ ಯಾವುದೋ ಪತ್ರಿಕೆಯ ಬ್ಯೂರೊ ಮೆಟ್ಟಿಲು ಹತ್ತುತ್ತೀರಿ. ಅಲ್ಲಿ ನೀವು ಬರೆಯುವ ಹೆಸರುಗಳ ಬಗ್ಗೆ ಮಾತಾಡಲು ಬಂದಿದ್ದೇನೆ.

ಟ್ರೈನಿಯ ದಿನ ಠಾಣೆಗಳಿಗೆ ಫೋನ್ ಮಾಡುವುದರಿಂದ ಶುರು. ‘ಸರ್, ಏನರ ಆಗ್ಯಾದೇನ್ರಿ?’ ಚಿತ್ತಾಪುರ, ಜೇವರ್ಗಿ, ಆಳಂದ, ಅಫಜಲಪುರ, ಹೀಗೆ ಒಂದು ಸುತ್ತು. ಆಮೇಲೆ ಆಸ್ಪತ್ರೆ, ಸುದ್ದಿಗೋಷ್ಠಿ, ಎಪಿಎಂಸಿಯ ತೊಗರಿ ಧಾರಣೆ. ನಮ್ಮ ತೊಗರಿಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು ನಿಜ, ರೈತ ಮಾತ್ರ ಪೇಪರಿನಲ್ಲಿ ಮೊದಲು ಹುಡುಕುವುದು ಆ ಧಾರಣೆಯನ್ನೇ.

ನಾನು ಟ್ರೈನಿ ಆಗಿದ್ದಾಗ, ತೊಗರಿ ರಾಶಿಯ ಕಾಲ. ಕೂಲಿಗೆ ಹೊರಟಿದ್ದ ಹೆಣ್ಣುಮಕ್ಕಳ ಟಂಟಂ ಆಟೊ ಪಲ್ಟಿಯಾಗಿ ಒಬ್ಬರು ತೀರಿಕೊಂಡರು. ರಾತ್ರಿ ಪುಟ ಕಟ್ಟುವ ಹೊತ್ತು. ‘ಎರಡು ಪ್ಯಾರಾ ಕೊಡು, ಲಗೂ’ ಅಂದಿತು ಸುದ್ದಿ ತಿದ್ದುವ ಡೆಸ್ಕ್. ಠಾಣೆಗೆ ಫೋನ್ ಹಚ್ಚಿದೆ. ಅವರು ಎಫ್‌ಐಆರ್ ಓದುತ್ತಾ ಹೋದರು, ಮೊದಲು ಕಿವಿಗೆ ಬಿದ್ದ ಹೆಣ್ಣುಮಗಳ ಹೆಸರನ್ನೇ ಮೃತರ ಹೆಸರೆಂದು ಬರೆದುಕೊಂಡೆ. ಅದು ಫಿರ್ಯಾದಿಯ ಹೆಸರು. ದೂರು ಕೊಟ್ಟವಳು ಸೊಸೆ, ಸತ್ತವರು ಅತ್ತೆ. ಅತ್ತೆಯ ಹೆಸರು ಮುಂದೆ, ದೂರಿನ ಒಕ್ಕಣೆಯಲ್ಲಿತ್ತು. ನಾನು ಅಲ್ಲಿತನಕ ಕೇಳಲೇ ಇಲ್ಲ.

ಬೆಳಿಗ್ಗೆ ಹಿರಿಯ ವರದಿಗಾರರು ಬೈಯಲಿಲ್ಲ. ‘ಆ ಮನಿಗೆ ಹೋಗಿ ಬಾ’ ಅಂದರು, ಅಷ್ಟೇ.

ಹೋದೆ. ಸೊಸೆಯ ತವರಿನವರು ಪೇಪರ್ ಓದಿಸಿಕೊಂಡು, ಮಗಳೇ ಹೋದಳೆಂದು ಎದೆ ಬಡಿದುಕೊಳ್ಳುತ್ತ ಜೀಪು ಮಾಡಿಕೊಂಡು ಬಂದಿದ್ದರು. ಆಕೆ ಅತ್ತೆಯ ಹೆಣದ ಪಕ್ಕ ಕೂತಿದ್ದಳು, ಕೈಗೆ ಬಟ್ಟೆ ಕಟ್ಟಿತ್ತು. ಕಟ್ಟೆಯ ಮೇಲೆ ನಮ್ಮ ಪೇಪರ್, ಹಾರದಂತೆ ಅದರ ಮೇಲೊಂದು ಕಲ್ಲು. ಆಕೆಯ ಹೆಸರಿನ ಮೇಲೆ ಯಾರೋ ಇದ್ದಿಲಿನಿಂದ ಗೀಟು ಎಳೆದಿದ್ದರು. ಆ ಕಪ್ಪು ಗೀಟು ಇವತ್ತಿಗೂ ಕಣ್ಣ ಮುಂದಿದೆ.

ನಾನು ಯಾರೆಂದು ಹೇಳಿದೆ. ಆಕೆ ಸಿಟ್ಟಾಗಲಿಲ್ಲ. ‘ನಾ ಜೀವಂತ ಇದ್ದೀನಂತ ಹಾಕೋದು ಇರ್ಲಿ ತಮ್ಮಾ. ನಮ್ಮತ್ತಿ ಹೆಸರು ಹಾಕು, ಪೂರಾ ಹಾಕು’ ಅಂದಳು. ಊರಲ್ಲಿ ಕರೆಯುವ ಹೆಸರು ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಎರಡನ್ನೂ ಬರೆದುಕೊಂಡೆ, ಓದಿ ಹೇಳಿದೆ. ಒಂದು ಒತ್ತಕ್ಷರ ತಪ್ಪಿತ್ತು, ತಿದ್ದಿಸಿದಳು.

‘ಈಗ ಹಂಗಾಗಲ್ಲ ಸರ್, ಎಲ್ಲಾ ಮೊಬೈಲಿನಲ್ಲೇ ಬರ್ತದ’ ಅನ್ನುತ್ತೀರಿ. ಬರುತ್ತದೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಆದರೆ ಅಲ್ಲಿಯೂ ಫಿರ್ಯಾದಿಯ ಕಾಲಂ ಬೇರೆ, ಒಕ್ಕಣೆ ಬೇರೆ. ಕೊನೆಯ ಸಾಲಿನತನಕ ಓದಬೇಕು, ಓದಿದ ಮೇಲೆ ಮನೆಯವರನ್ನೂ ಕೇಳಬೇಕು. ಹೆಸರು ಕೇಳಲು ಸಂಕೋಚ ಬೇಡ. ನಮ್ಮ ಭಾಗದ ಬಡವರ ಹೆಸರು ಪೇಪರಿನಲ್ಲಿ ಬರುವುದೇ ಒಮ್ಮೆ, ಅದೂ ಹೀಗೆ.

ಚೀಟಿ ಬಂತು, ಊಟದ ಹೊತ್ತಾಯಿತಂತೆ. ವಾಟ್ಸ್‌ಆ್ಯಪ್ ಪ್ರೆಸ್ ನೋಟ್, ಫೋಟೊ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಸುದ್ದಿಗಳ ಬಗ್ಗೆ ಬರೆದುಕೊಂಡು ಬಂದದ್ದು ಜೇಬಿನಲ್ಲೇ ಉಳಿಯಿತು. ಹಳೆಯ ಎಫ್‌ಐಆರ್‌ಗಳ ನಾಲ್ಕು ನಕಲು ತಂದಿದ್ದೇನೆ, ಹೆಸರುಗಳನ್ನು ಮುಚ್ಚಿದ್ದೇನೆ. ಊಟ ಮುಗಿಸಿ ಬನ್ನಿ, ಯಾವ ಕಾಲಮಿನಲ್ಲಿ ಯಾರಿರುತ್ತಾರೆ ಅಂತ ಕೂತು ನೋಡೋಣ.