ಕಚ್ಚಿಕೊಂಡ ಬೋಲ್ಟನ್ನು ಉಳಿಸುವ ಹಟ ಬೇಡ

ನಮಸ್ಕಾರ. ಕಾರಿನ ಸಸ್ಪೆನ್ಷನ್, ಅಂದರೆ ಚಕ್ರಗಳನ್ನು ಕಾರಿಗೆ ಜೋಡಿಸಿ ರಸ್ತೆಯ ಕುಲುಕಾಟವನ್ನು ತಗ್ಗಿಸುವ ವ್ಯವಸ್ಥೆಯ ಭಾಗಗಳನ್ನು ಮನೆಯಲ್ಲೇ ಬದಲಿಸಲು ಹೊರಟವರನ್ನು ನಿಜವಾಗಿ ಕಾಡುವುದು ಹಳೆಯ ಭಾಗವನ್ನು ಬಿಗಿದು ಹಿಡಿದಿರುವ ನಾಲ್ಕಾರು ಬೋಲ್ಟುಗಳು. ಅವು ಬಿಟ್ಟುಕೊಟ್ಟರೆ ಹೊಸದನ್ನು ಜೋಡಿಸುವ ಕೆಲಸ ಬೇಗನೆ ಮುಗಿಯುತ್ತದೆ. ಈ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಸ್ಪ್ಯಾನರ್ ಹಿಡಿಯುವ ಮೊದಲೇ ಯಾವ ಭಾಗ ಉಳಿಯಲೇಬೇಕು, ಯಾವುದನ್ನು ಕತ್ತರಿಸಿ ಎಸೆದರೂ ನಷ್ಟವಿಲ್ಲ ಎಂದು ತೀರ್ಮಾನಿಸಿಕೊಳ್ಳಬೇಕು. ಆ ತೀರ್ಮಾನದಲ್ಲಿ ಹಳೆಯ ಬೋಲ್ಟಿನ ಸ್ಥಾನ ಯಾವಾಗಲೂ ಎಸೆಯುವ ವಸ್ತುಗಳ ಜೊತೆಗೇ ಇರಬೇಕು. ಹೊಸ ಭಾಗವನ್ನು ತರಿಸುವಾಗಲೇ ಅದರ ಬೋಲ್ಟು, ನಟ್ಟುಗಳನ್ನೂ ತರಿಸಿಟ್ಟುಕೊಳ್ಳಿ. ಹಳೆಯ ಬೋಲ್ಟನ್ನು ಉಳಿಸುವ ಹಟದಲ್ಲಿ ಸಬ್‌ಫ್ರೇಮಿನೊಳಗೆ (ಸಸ್ಪೆನ್ಷನ್ನನ್ನು ಹೊತ್ತಿರುವ, ಕಾರಿನ ತಳದ ಚೌಕಟ್ಟು) ಬೆಸುಗೆ ಹಾಕಿರುವ ನಟ್ಟನ್ನೋ ಚಕ್ರವನ್ನು ಹಿಡಿದಿಡುವ ಅಲ್ಯೂಮಿನಿಯಮ್ ಗಂಟಾದ ನಕಲ್‌ನ (knuckle) ಥ್ರೆಡ್ಡನ್ನೋ ಕೆಡಿಸಿಕೊಂಡರೆ, ಅರ್ಧ ದಿನದ ಕೆಲಸ ವಾರಗಟ್ಟಲೆ ಎಳೆಯುತ್ತದೆ.

ಬೋಲ್ಟು ಏಕೆ ಹೀಗೆ ಕಚ್ಚಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡೋಣ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿನಲ್ಲಿ ಅದು ಹಿಗ್ಗಿದಾಗ ಎರಡೂ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ತುಕ್ಕು ಬಿಡಿಸುವ ತೆಳುವಾದ ಎಣ್ಣೆ (ಪೆನಿಟ್ರೇಟಿಂಗ್ ಆಯಿಲ್) ಇಂತಹ ಸಂದಿಗೆ ತಾನಾಗಿಯೇ ಹರಿದು ಇಳಿಯುತ್ತದೆ, ಆದರೆ ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಹೊರಗೆ ಕಾಣುವ ಥ್ರೆಡ್ಡನ್ನು ತಂತಿಯ ಬ್ರಷ್‌ನಿಂದ ಉಜ್ಜಿ, ಹಿಂದಿನ ದಿನ ಬೆಳಿಗ್ಗೆ ಒಮ್ಮೆ, ರಾತ್ರಿ ಮತ್ತೊಮ್ಮೆ ಎಣ್ಣೆ ಹಾಕಿಟ್ಟರೆ ಮಾತ್ರ ಅದರಿಂದ ಪ್ರಯೋಜನ. ಸಿಂಪಡಿಸಿದ ಮರುಕ್ಷಣವೇ ಸ್ಪ್ಯಾನರ್ ಹಾಕಿ ಎಳೆಯುವವರು ಎಣ್ಣೆಯನ್ನು ಬರಿದೇ ಚೆಲ್ಲಿದಂತಾಗುತ್ತದೆ.

ಆದರೆ ಎಣ್ಣೆ ತಲುಪಲಾಗದ ಒಂದು ಜಾಗವಿದೆ, ಸಸ್ಪೆನ್ಷನ್ ಕೆಲಸದ ಅತ್ಯಂತ ಕಠಿಣವಾದ ಬೋಲ್ಟು ಇರುವುದೂ ಅಲ್ಲಿಯೇ. ಚಕ್ರದ ಕಡೆಯನ್ನು ಕಾರಿನ ಚೌಕಟ್ಟಿಗೆ ಸೇರಿಸುವ ಸರಳಾದ ಕಂಟ್ರೋಲ್ ಆರ್ಮಿನ ತುದಿಯಲ್ಲಿ ಬುಷ್ ಎಂಬ ರಬ್ಬರಿನ ಕೀಲಿರುತ್ತದೆ. ಅದರ ನಡುವೆ ಕೊಳವೆಯಂತಹ ಉಕ್ಕಿನ ಒಂದು ತೋಳು (ಸ್ಲೀವ್) ಇರುತ್ತದೆ, ಅದರೊಳಗೆ ಉದ್ದನೆಯ ಬೋಲ್ಟು ಹಾದುಹೋಗುತ್ತದೆ. ಎರಡು ತುದಿಗಳಿಂದ ನುಗ್ಗಿದ ನೀರು ಆ ತೋಳಿನೊಳಗೆ ವರ್ಷಗಟ್ಟಲೆ ನಿಂತು, ಬೋಲ್ಟಿನ ನಯವಾದ ಭಾಗವನ್ನೇ ತೋಳಿಗೆ ಅಂಟಿಸಿಬಿಡುತ್ತದೆ. ಹೊರಗಿನ ನಟ್ಟು ಸುಲಭವಾಗಿ ಕಳಚಿಬರುವುದರಿಂದ ಗೆದ್ದೆವೆಂದೇ ಅನ್ನಿಸುತ್ತದೆ. ಆಮೇಲೆ ಬೋಲ್ಟಿನ ತಲೆಯನ್ನು ತಿರುಗಿಸಿದರೆ ಅದು ಸ್ವಲ್ಪ ತಿರುಗಿ, ಕೈ ಸಡಿಲಿಸಿದೊಡನೆ ಹಿಂದಕ್ಕೆ ಬರುತ್ತದೆ. ಅಲ್ಲಿ ತಿರುಗುತ್ತಿರುವುದು ಬುಷ್‌ನ ರಬ್ಬರು. ಬೋಲ್ಟು ತೋಳಿನೊಡನೆ ಒಂದಾಗಿಯೇ ಇದೆ. ಆ ಲಕ್ಷಣ ಕಂಡ ಕೂಡಲೇ ಸುತ್ತಿಗೆಯನ್ನು ಕೆಳಗಿಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಬೋಲ್ಟಿನ ತುದಿಗೆ ಹೊಡೆದಷ್ಟೂ ಅದು ಅಣಬೆಯಂತೆ ಅಗಲವಾಗಿ, ಬ್ರ್ಯಾಕೆಟ್ಟಿನ ರಂಧ್ರದಿಂದ ಹೊರಬರುವ ದಾರಿಯನ್ನೂ ಮುಚ್ಚಿಕೊಳ್ಳುತ್ತದೆ.

ಅಲ್ಲಿ ಸರಿಯಾದ ಉಪಾಯ ಕತ್ತರಿಸುವುದೇ. ಬ್ರ್ಯಾಕೆಟ್ಟಿಗೂ ಬುಷ್‌ಗೂ ನಡುವಿನ ಸಂದಿಗೆ ವಿದ್ಯುತ್ ಗರಗಸದ ಉದ್ದನೆಯ ಬ್ಲೇಡನ್ನು ತೂರಿಸಿ, ಎರಡೂ ಬದಿಯಲ್ಲಿ ಬೋಲ್ಟನ್ನು ತೋಳಿನ ಸಮೇತ ಕೊಯ್ದರೆ ಹಳೆಯ ಆರ್ಮು ಕೈಗೆ ಬರುತ್ತದೆ. ನಟ್ಟು ಸಬ್‌ಫ್ರೇಮಿಗೇ ಬೆಸೆದಿರುವ ಕಾರುಗಳಲ್ಲಿ, ಮೊದಲು ಬೋಲ್ಟಿನ ಥ್ರೆಡ್ ಆ ನಟ್ಟಿನೊಳಗೆ ಸಡಿಲವಾಗಿದೆಯೇ ಎಂದು ನೋಡಿಕೊಂಡು, ಕೊಯ್ದ ಮೇಲೂ ಹಿಡಿದು ತಿರುಗಿಸುವಷ್ಟು ತುಂಡು ಉಳಿಯುವ ಹಾಗೆ ಬ್ಲೇಡಿನ ಜಾಗವನ್ನು ಆರಿಸಬೇಕು. ಆರ್ಮಿನ ಮೇಲೆಯೇ ಸ್ಪ್ರಿಂಗ್ ಕುಳಿತಿರುವ ವಿನ್ಯಾಸವಾದರೆ, ಸ್ಪ್ರಿಂಗಿನ ಒತ್ತಡವನ್ನು ಸುರಕ್ಷಿತವಾಗಿ ಇಳಿಸದೆ ಬ್ಲೇಡ್ ಇಡಲೇಬಾರದು. ಬ್ರೇಕಿನ ಹೋಸು, ಚಕ್ರದ ವೇಗವನ್ನು ಅಳೆಯುವ ಸೆನ್ಸರಿನ ತಂತಿ ಎರಡನ್ನೂ ಮೊದಲೇ ಪಕ್ಕಕ್ಕೆ ಸರಿಸಿ ಕಟ್ಟಿಡಿ.

ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳನ್ನು ಸಸ್ಪೆನ್ಷನ್ನಿಗೆ ಸೇರಿಸುವ ಸಣ್ಣ ಕೊಂಡಿಯಾದ ಸ್ಟೆಬಿಲೈಸರ್ ಲಿಂಕಿನ ವಿಷಯದಲ್ಲಂತೂ ತಾಳ್ಮೆಯ ಅಗತ್ಯವೂ ಇಲ್ಲ. ನಟ್ಟಿನ ಜೊತೆ ಅದರ ತುದಿಯ ಬಾಲ್ ಜಾಯಿಂಟಿನ (ಗುಂಡು ಕೀಲಿನ) ಕಡ್ಡಿಯೂ ಸುತ್ತತೊಡಗಿದರೆ, ತುದಿಯಲ್ಲಿರುವ ಅಲೆನ್ ಕೀ ರಂಧ್ರದಲ್ಲಿ ಹಿಡಿದು ಒಮ್ಮೆ ಪ್ರಯತ್ನಿಸಿ. ಆ ರಂಧ್ರ ಸವೆದುಹೋದರೆ ಗ್ರೈಂಡರಿನಿಂದ ಕತ್ತರಿಸಿ. ಲಿಂಕನ್ನು ಹೇಗೂ ಎಸೆಯುತ್ತೀರಿ.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಸ್ಟ್ರಟ್ಟನ್ನು ನಕಲ್‌ಗೆ ಸೇರಿಸುವ ಎರಡು ದಪ್ಪ ಬೋಲ್ಟುಗಳಲ್ಲಿ ಬೇರೊಂದು ಬಲೆಯಿದೆ. ಅನೇಕ ಕಾರುಗಳಲ್ಲಿ ಅವುಗಳ ಕುತ್ತಿಗೆಯಲ್ಲಿ ಸಣ್ಣ ಉಬ್ಬುಗೆರೆಗಳಿದ್ದು, ಅವು ರಂಧ್ರದ ಗೋಡೆಯನ್ನು ಕಚ್ಚಿ ಕುಳಿತಿರುತ್ತವೆ. ಅಲ್ಲಿ ತಲೆಯನ್ನು ಅಲುಗದಂತೆ ಹಿಡಿದು ನಟ್ಟನ್ನೇ ತಿರುಗಿಸಬೇಕು. ತಲೆಯನ್ನು ತಿರುಗಿಸಿದರೆ ಉಳಿಯಬೇಕಾದ ನಕಲ್‌ನ ರಂಧ್ರವನ್ನೇ ಕೆರೆದುಹಾಕಿದಂತಾಗುತ್ತದೆ. ಇನ್ನು ಸ್ಟ್ರಟ್ಟಿನ ನೆತ್ತಿಯಲ್ಲಿರುವ ನಡುವಿನ ನಟ್ಟನ್ನು, ಸ್ಪ್ರಿಂಗ್ ಕಂಪ್ರೆಸರ್‌ನಿಂದ ಒತ್ತಡ ತೆಗೆಯದೆ ಎಂದಿಗೂ ಕಳಚಬೇಡಿ. ಸಂಕುಚಿತ ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿ ಮನುಷ್ಯನ ಜೀವ ತೆಗೆಯುವಷ್ಟಿರುತ್ತದೆ.

ಬಲದ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. 60 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ 40 ಕಿಲೋ ತೂಕದಷ್ಟು ಒತ್ತಿದರೆ ಸುಮಾರು 235 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಚುವ ಬಲ ಉಂಟಾಗುತ್ತದೆ. ಹಿಡಿಕೆಗೆ ಕೊಳವೆ ಸೇರಿಸಿ ಉದ್ದವನ್ನು ಎರಡು ಪಟ್ಟು ಮಾಡಿದರೆ ಟಾರ್ಕೂ ಎರಡು ಪಟ್ಟಾಗುತ್ತದೆ. 10 ಮಿಲಿಮೀಟರಿನ ಬೋಲ್ಟು ಗಟ್ಟಿ ದರ್ಜೆಯದೇ ಆಗಿದ್ದರೂ ಅದಕ್ಕಿಂತ ಎಷ್ಟೋ ಮೊದಲು ತುಂಡಾಗುತ್ತದೆ. ಹಾಗಾಗಿ ಕೊಳವೆ ಸೇರಿಸುವ ಮುನ್ನ ಬೋಲ್ಟಿನ ದಪ್ಪವನ್ನು ನೋಡುವುದು ಕಡ್ಡಾಯ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ, ಹನ್ನೆರಡು ಮೂಲೆಯದು ಸವೆದ ತಲೆಯನ್ನು ಬೇಗನೆ ಉರುಟಾಗಿಸುತ್ತದೆ. ಸ್ವಲ್ಪ ಸಡಿಲವಾದ ಮೇಲೂ ಒಂದೇ ದಿಕ್ಕಿಗೆ ಎಳೆಯದೆ, ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಬಿಗಿಸಿ, ಎಣ್ಣೆ ಹಾಕುತ್ತ ಮುಂದುವರಿದರೆ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಗಟ್ಟಿಕಟ್ಟುವುದಿಲ್ಲ. ಇದನ್ನೆಲ್ಲ ಮಾಡುವಾಗ ಕಾರು ಗಟ್ಟಿ ನೆಲದಲ್ಲಿ, ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಂತಿರಬೇಕು. ಬರಿಯ ಜ್ಯಾಕಿನ ಮೇಲಿರುವ ಕಾರಿನ ಕೆಳಗೆ ಮಲಗಿ ಹಿಡಿಕೆ ಎಳೆಯುವುದು ಸಾವನ್ನು ಕರೆದಂತೆ.

ಶಾಖವೂ ಒಳ್ಳೆಯ ಸಾಧನವೇ, ಆದರೆ ಅದನ್ನು ಎಲ್ಲಿ ಬಳಸಬಾರದೆಂದು ತಿಳಿದವರ ಕೈಯಲ್ಲಿ ಮಾತ್ರ. 12 ಮಿಲಿಮೀಟರಿನ ಉಕ್ಕಿನ ನಟ್ಟನ್ನು 200 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ಅದರ ರಂಧ್ರ ಸುಮಾರು 0.03 ಮಿಲಿಮೀಟರ್ ಹಿಗ್ಗುತ್ತದೆ. ಅಲ್ಪವೆನಿಸಿದರೂ ತುಕ್ಕಿನ ಪದರವನ್ನು ಒಡೆಯಲು ಬಹಳಷ್ಟು ಸಲ ಅಷ್ಟು ಸಾಕು, ಬೋಲ್ಟು ಬಿಸಿಯಾಗುವ ಮೊದಲೇ ನಟ್ಟನ್ನು ಬಿಸಿ ಮಾಡಿದ್ದರೆ. ಶಾಕ್ ಅಬ್ಸಾರ್ಬರಿನ ಒಳಗೆ ಅನಿಲ ಒತ್ತಡದಲ್ಲಿರುವುದರಿಂದ ಅದರ ದೇಹಕ್ಕೆ ಜ್ವಾಲೆ ತಾಗಿಸಲೇಬಾರದು. ರಬ್ಬರು ಬುಷ್, ಬಾಲ್ ಜಾಯಿಂಟಿನ ಗ್ರೀಸ್ ಮುಚ್ಚಳ, ಇಂಧನದ ಕೊಳವೆ ಇವುಗಳ ಹತ್ತಿರವೂ ಬೆಂಕಿ ಸಲ್ಲದು. ಅದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ಅಪಾಯವೆಂದರೆ, ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ತಾಗಿದ ಲೋಹವನ್ನು ಬಿಸಿ ಮಾಡಿದರೆ ಫಾಸ್ಜೀನ್ ಎಂಬ ಮಾರಕ ವಿಷಾನಿಲ ಹುಟ್ಟಬಹುದು. ಕೆಂಪಗಾಗುವಂತೆ ಕಾಯಿಸಿದ ಬೋಲ್ಟು ತನ್ನ ಗಟ್ಟಿತನವನ್ನು ಕಳೆದುಕೊಂಡಿರುತ್ತದೆ. ಅದು ಅಖಂಡವಾಗಿ ಹೊರಬಂದರೂ ಮತ್ತೆ ಹಾಕಬಾರದು.

ಹೊಸ ಬೋಲ್ಟನ್ನು ಹಾಕುವಾಗ, ಬುಷ್‌ನ ತೋಳಿನೊಳಗೆ ಕುಳಿತುಕೊಳ್ಳುವ ನಯವಾದ ಭಾಗಕ್ಕೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿಸೀಜ್ ಎಂಬ ಪೇಸ್ಟನ್ನು ತೆಳುವಾಗಿ ಲೇಪಿಸಿದರೆ ಮುಂದಿನ ಸಲ ಗರಗಸ ಬೇಕಾಗಲಿಕ್ಕಿಲ್ಲ. ಥ್ರೆಡ್ಡಿಗೆ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಥ್ರೆಡ್ಡಿನಲ್ಲಿ ಘರ್ಷಣೆ ಕಡಿಮೆಯಾದರೆ, ಕಾರು ತಯಾರಕರು ಹೇಳಿದ ಅದೇ ಟಾರ್ಕಿಗೆ ಬೋಲ್ಟು ಅವರು ಉದ್ದೇಶಿಸಿದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ. ರಬ್ಬರು ಬುಷ್‌ನ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗ ಕೊನೆಯ ಬಿಗಿಗೆ ತರಬೇಡಿ. ಹಾಗೆ ಮಾಡಿದರೆ ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುತ್ತದೆ. ಸ್ಟ್ಯಾಂಡುಗಳನ್ನು ಹಾಗೆಯೇ ಬಿಟ್ಟು, ಆರ್ಮಿನ ಹೊರತುದಿಗೆ ಜ್ಯಾಕ್ ಕೊಟ್ಟು, ಕಾರು ನೆಲದ ಮೇಲೆ ನಿಂತಾಗ ಇರುವ ಎತ್ತರಕ್ಕೆ ಸಸ್ಪೆನ್ಷನ್ನನ್ನು ಏರಿಸಿದ ನಂತರವೇ ಟಾರ್ಕ್ ರೆಂಚನ್ನು ಕೈಗೆತ್ತಿಕೊಳ್ಳಿ.